ತಲೆಯೊಳಗಿನ ನೀರು ತಾನಾಗಿ ಇಂಗುವುದಿಲ್ಲ

‘ತಲೇಲಿ ನೀರು ತುಂಬ್ಕೊಂಡಿದೆ ಅಷ್ಟೇ, ಮಗು ಬೆಳೀತಾ ಬೆಳೀತಾ ಇಂಗಿಹೋಗುತ್ತೆ ಬಿಡಮ್ಮ.’ ಗುಬ್ಬಿ, ಕುಣಿಗಲ್ ಸೀಮೆಯ ಹಳ್ಳಿಯಿರಲಿ, ತುಮಕೂರಿನ ಬಡಾವಣೆಯಿರಲಿ, ಕೂಸಿನ ತಲೆ ಊದುತ್ತಿದೆ ಎಂದೊಡನೆ ಹೀಗೆ ಸಮಾಧಾನ ಹೇಳುವವರು ಸಿಕ್ಕೇ ಸಿಗುತ್ತಾರೆ. ಮೆದುಳಿನಲ್ಲಿ ದ್ರವ ತುಂಬಿಕೊಳ್ಳುವ ಈ ಕಾಯಿಲೆಯ, ಅಂದರೆ ಹೈಡ್ರೋಸೆಫಾಲಸ್‌ನ, ಬಗೆಗಿನ ತಪ್ಪು ಕಲ್ಪನೆಗಳಲ್ಲಿ ನನ್ನ ಸಹನೆ ಕೆಡಿಸುವುದು ಇದೇ.

ತಲೆಯಲ್ಲಿ ತುಂಬಿಕೊಳ್ಳುವುದು ಕುಡಿದ ನೀರಲ್ಲ, ಶೀತವೂ ಅಲ್ಲ. ಮೆದುಳಿನೊಳಗಿನ ಕುಹರಗಳಲ್ಲಿ ದಿನವೂ ಹೊಸದಾಗಿ ಹುಟ್ಟುವ ದ್ರವ. ದೊಡ್ಡವರಲ್ಲಿ ದಿನಕ್ಕೆ ಸುಮಾರು 500 ಮಿಲಿಲೀಟರ್ ಹುಟ್ಟುತ್ತದೆ. ಒಂದು ಹೊತ್ತಿಗೆ ಒಳಗಿರುವುದು ಸುಮಾರು 150 ಮಾತ್ರ, ಉಳಿದದ್ದು ರಕ್ತಕ್ಕೆ ಸೇರುತ್ತಲೇ ಇರುತ್ತದೆ. ಮೂರನೆಯ ಮತ್ತು ನಾಲ್ಕನೆಯ ಕುಹರಗಳ ನಡುವಿನ ನಾಳ ಬಹಳ ಕಿರಿದು. ಅದು ಹುಟ್ಟಿನಿಂದಲೇ ಇಕ್ಕಟ್ಟಾಗಿದ್ದರೆ, ಗಡ್ಡೆ ಒತ್ತಿದರೆ, ತಿಂಗಳು ತುಂಬುವ ಮೊದಲೇ ಹುಟ್ಟಿದ ಕೂಸಿನ ಮೆದುಳಲ್ಲಿ ರಕ್ತ ಸೋರಿದರೆ, ಕ್ಷಯ ಮೆದುಳಿನ ಪೊರೆಗೆ ತಗುಲಿದರೆ, ದ್ರವದ ದಾರಿ ಕಟ್ಟುತ್ತದೆ. ಕುಣಿಗಲ್ ದೊಡ್ಡಕೆರೆಯ ಕೋಡಿ ಮುಚ್ಚಿ, ಮೇಲಿಂದ ನೀರು ಹರಿದು ಬರುತ್ತಿರುವಾಗ ಕೆರೆ ಇಳಿಯಲಿ ಎಂದು ಯಾರಾದರೂ ಕಾಯುತ್ತಾರೆಯೇ? ಅಪರೂಪಕ್ಕೆ ಏರಿಕೆ ತಾನೇ ನಿಲ್ಲುವುದುಂಟು. ಆದರೆ ಹಾಗೆಂದು ಹೇಳಬೇಕಾದವರು ಸ್ಕ್ಯಾನ್ ನೋಡಿದ ವೈದ್ಯರು, ಪಕ್ಕದ ಮನೆಯವರಲ್ಲ.

ಕೂಸಿನ ತಲೆಬುರುಡೆಯ ಮೂಳೆಗಳು ಇನ್ನೂ ಬೆಸೆದಿರುವುದಿಲ್ಲ, ಅದಕ್ಕೇ ತಲೆ ಹಿಗ್ಗುತ್ತದೆ. ನೆತ್ತಿ ಉಬ್ಬುತ್ತದೆ, ಕಣ್ಣಗುಡ್ಡೆ ಕೆಳಗೆ ಜಾರಿದಂತೆ ಕಾಣುತ್ತದೆ, ವಾಂತಿ, ಮಂಪರು ಶುರುವಾಗುತ್ತದೆ. ದೊಡ್ಡವರ ಬುರುಡೆ ಹಿಗ್ಗುವುದಿಲ್ಲ. ಬೆಳಗಿನ ತಲೆನೋವು, ವಾಂತಿ, ಮಸುಕಾಗುವ ದೃಷ್ಟಿಯೇ ಅವರಲ್ಲಿ ಎಚ್ಚರಿಕೆ. ಕಾದಷ್ಟೂ ಮೆದುಳು ಹಿಂಡಿಹೋಗುತ್ತದೆ, ಕಳೆದುಹೋದ ದೃಷ್ಟಿ ಮರಳದೆಯೂ ಇರಬಹುದು.

‘ಮೆದುಳಿಗೆ ಕೈ ಹಾಕಿದರೆ ಬುದ್ಧಿ ಹೋಗುತ್ತೆ’ ಎಂಬ ಹೆದರಿಕೆಯೂ ತಲೆಕೆಳಗು, ಬುದ್ಧಿ ಕೆಡಿಸುವುದು ಒತ್ತಡ. ಚರ್ಮದಡಿ ಸಣ್ಣ ಕೊಳವೆ ಇಟ್ಟು ದ್ರವವನ್ನು ಹೊಟ್ಟೆಗೆ ಇಳಿಸುವ ಶಂಟ್ ಹೊಸ ಪ್ರಯೋಗವೇನಲ್ಲ. ಅಮೆರಿಕದ ತಂತ್ರಜ್ಞ ಜಾನ್ ಹಾಲ್ಟರ್ ಇದೇ ಕಾಯಿಲೆಯಿದ್ದ ತನ್ನ ಮಗನಿಗಾಗಿ ಶಂಟಿನ ಕವಾಟ ರೂಪಿಸಿದ್ದು 1956ರಲ್ಲಿ. ಕೆಲವರಿಗೆ ಕೊಳವೆಯೇ ಬೇಡ. ದುರ್ಬೀನಿನಂಥ ಎಂಡೋಸ್ಕೋಪ್ ಇಳಿಸಿ ಮೂರನೆಯ ಕುಹರದ ತಳದಲ್ಲಿ ದ್ರವಕ್ಕೆ ಬೇರೆ ದಾರಿ ಮಾಡುತ್ತಾರೆ. ಶಂಟ್ ಕಟ್ಟಿಕೊಳ್ಳಬಹುದು, ಸೋಂಕು ತಗುಲಬಹುದು; ಹಾಗಾಗಿ ತಪಾಸಣೆ ತಪ್ಪಿಸಬಾರದು. ಇಂಥ ಚಿಕಿತ್ಸೆ ಕೊಡುವ ನಿಮ್ಹಾನ್ಸ್ ಆಸ್ಪತ್ರೆ ಇರುವುದು ತುಮಕೂರಿನಿಂದ ಸುಮಾರು 70 ಕಿಲೋಮೀಟರ್ ದೂರದ ಬೆಂಗಳೂರಿನಲ್ಲೇ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಇದು ಅಂಟುವುದಿಲ್ಲ. ದೊಡ್ಡ ತಲೆ ಜಾಣತನದ ಗುರುತಲ್ಲ. ಬರೆ ಎಳೆದರೆ ಸುಡುವುದು ಚರ್ಮ ಮಾತ್ರ. ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ.

ಈ ಗ್ರಹಣದ ಮಾತು ಬರೀ ಸುಳ್ಳಲ್ಲ, ಕ್ರೌರ್ಯ ಕೂಡ. ಬಸುರಿಯಾಗಿದ್ದಾಗ ಗ್ರಹಣದ ಹೊತ್ತಲ್ಲಿ ಹೊರಗೆ ಹೋಗಿದ್ದಳಂತೆ, ಚಾಕು ಮುಟ್ಟಿದ್ದಳಂತೆ ಎಂದು ಇಡೀ ಮನೆ ತಾಯಿಯ ಮೇಲೆ ತಪ್ಪು ಹೊರಿಸುತ್ತದೆ. ಕೇಳಿದ್ದನ್ನೆಲ್ಲ ನಂಬುವ ನಮ್ಮ ಚಾಳಿ ಎಲ್ಲ ಕಡೆ ಹೀಗೇ ಕೆಲಸ ಮಾಡುತ್ತದೆ. ಕಾಯಲು ಹೇಳಿದವರು ಏನೂ ಕಳೆದುಕೊಳ್ಳುವುದಿಲ್ಲ, ಮರುದಿನ ಮೊಬೈಲಿನಲ್ಲಿ ಇನ್ನೊಂದು ಮನೆಮದ್ದು ಕಳಿಸುತ್ತಾರೆ. ಪ್ರಶ್ನೆ ಕೇಳಿದ ಸೊಸೆಯೇ ಅಹಂಕಾರಿ.

ಕೇಳಲಿ. ಲಸಿಕೆ ಹಾಕಿಸುವ ದಿನ ನರ್ಸಮ್ಮನ ಹತ್ತಿರ ಕೂಸಿನ ತಲೆಸುತ್ತಳತೆ ಹಿಡಿಸಿ, ತಾಯಿ ಕಾರ್ಡಿನಲ್ಲಿ ಬರೆಸಿಕೊಳ್ಳಲಿ. ಹುಟ್ಟಿದಾಗ ಸುಮಾರು 35 ಸೆಂಟಿಮೀಟರ್, ವರ್ಷ ತುಂಬುವಾಗ 45ರ ಆಸುಪಾಸು ಇರುವುದು ಸಹಜ. ಅದಕ್ಕಿಂತ ಬೇಗ ಬೇಗ ಏರುತ್ತಿದ್ದರೆ ಮನೆಯಲ್ಲಿ ಯಾರು ಏನೇ ಅನ್ನಲಿ, ಅದೇ ವಾರ ಮಕ್ಕಳ ವೈದ್ಯರಿಗೆ ತೋರಿಸಬೇಕು.