ತತ್ತಿ ಇಡುವ ಕೋಳಿಗೆ ಬೆಳಕಿನ ಲೆಕ್ಕ

ದೀಪಾವಳಿ ಮುಗಿದು ಎಳ್ಳಮಾವಾಸ್ಯೆಯ ಚರಗ ಚೆಲ್ಲುವ ಹೊತ್ತಿಗೆ ಸುರಪುರ ಸೀಮೆಯ ಹಿತ್ತಲುಗಳಲ್ಲಿ ತತ್ತಿ ಅಪರೂಪವಾಗುತ್ತವೆ. ಐದಾರು ಜವಾರಿ ಕೋಳಿ, ಜೊತೆಗೆ ಒಂದೆರಡು ಗಿರಿರಾಜ ಸಾಕಿದ ಮನೆಯಲ್ಲಿ ಈ ಇಳಿಕೆಗೆ ಸಿಗುವ ವಿವರಣೆ ಒಂದೇ: ಚಳಿ. ಹಾಗಾಗಿ ಮಾಡುವ ಉಪಚಾರವೂ ಒಂದೇ. ಸಂಜೆ ಬೇಗ ಬುಟ್ಟಿ ಮುಚ್ಚಿ, ಮೇಲೆ ಗೋಣಿಚೀಲ ಹೊದಿಸಿ, ಬೆಳಗ್ಗೆ ಬಿಸಿಲು ಚೆನ್ನಾಗಿ ಏರಿದ ಮೇಲೆ ಬಿಡುವುದು. ಪ್ರೀತಿಯಿಂದ ಮಾಡುವ ಕೆಲಸವೇನೋ ಹೌದು. ಆದರೆ ಕೋಳಿಯ ದೇಹ ನಡೆಯುವ ರೀತಿಯನ್ನು ನೋಡಿದರೆ, ತತ್ತಿ ಕಡಿಮೆಯಾಗಲು ಈ ಉಪಚಾರವೂ ಒಂದು ಕಾರಣ ಎಂದೇ ಹೇಳಬೇಕಾಗುತ್ತದೆ. ನಮ್ಮ ಕಡೆಯ ಚಳಿಗಾಲದಲ್ಲಿ ಕೋಳಿಗೆ ಕೊರತೆಯಾಗುವುದು ಬೆಳಕು. ಅದನ್ನು ಇನ್ನಷ್ಟು ಕಿತ್ತುಕೊಳ್ಳುತ್ತಿರುವವರು ನಾವು.

ಮೊದಲು ಚಳಿಯನ್ನೇ ಪರೀಕ್ಷಿಸೋಣ. ಕೋಳಿಯ ಮೈಯ ಉಷ್ಣಾಂಶ ಸುಮಾರು 41 ಡಿಗ್ರಿ ಸೆಲ್ಸಿಯಸ್, ನಮ್ಮದಕ್ಕಿಂತ ನಾಲ್ಕು ಡಿಗ್ರಿ ಹೆಚ್ಚು. ಚಳಿಯಾದಾಗ ಅದು ಗರಿ ಉಬ್ಬಿಸಿ ಕೂರುತ್ತದೆ. ಗರಿಗಳ ನಡುವೆ ಸಿಕ್ಕ ಗಾಳಿಯೇ ಕೌದಿಯ ಕೆಲಸ ಮಾಡುತ್ತದೆ. ಕಾಲಿನಲ್ಲಿ ಇನ್ನೂ ಚೆಂದದ ಏರ್ಪಾಡಿದೆ. ಕೆಳಗಿಳಿಯುವ ಬಿಸಿ ರಕ್ತದ ನಾಳವೂ ಮೇಲೇರುವ ತಣ್ಣನೆಯ ರಕ್ತದ ನಾಳವೂ ಒಂದಕ್ಕೊಂದು ತಾಗಿಕೊಂಡೇ ಸಾಗುತ್ತವೆ. ಶಾಖ ಅಲ್ಲೇ ಕೈಬದಲಾಗಿ ಮೈಗೆ ಮರಳುತ್ತದೆ. ಇಂಥ ಪ್ರಾಣಿಗೆ ಡಿಸೆಂಬರ್ ರಾತ್ರಿಯ 15 ಡಿಗ್ರಿ ದೊಡ್ಡ ಸಂಕಟವಲ್ಲ, ಒಂದೆರಡು ದಿನ 10ಕ್ಕೆ ಇಳಿದರೂ ಅಲ್ಲ. ಹಿಮ ಬೀಳುವ ದೇಶಗಳಲ್ಲಿ ಒಣಗಿದ ಗೂಡೊಂದಿದ್ದರೆ ಸೊನ್ನೆಗಿಂತ ಕೆಳಗಿನ ಚಳಿಯಲ್ಲೂ ಕೋಳಿಗಳು ಬದುಕುತ್ತವೆ. ಬೆವರಲು ಗ್ರಂಥಿಗಳೇ ಇಲ್ಲದ ಈ ಹಕ್ಕಿ ನಿಜಕ್ಕೂ ಒದ್ದಾಡುವುದು 40 ಡಿಗ್ರಿ ದಾಟುವ ನಮ್ಮ ಏಪ್ರಿಲ್-ಮೇ ತಿಂಗಳಲ್ಲಿ, ಕೊಕ್ಕು ತೆರೆದು ಏದುಸಿರು ಬಿಡುತ್ತ.

ಹಾಗಾದರೆ ತತ್ತಿ ನಿಲ್ಲುವುದೇಕೆ? ಉತ್ತರ ಕೋಳಿಯ ತಲೆಬುರುಡೆಯೊಳಗಿದೆ. ಆ ಬುರುಡೆ ಎಷ್ಟು ತೆಳುವೆಂದರೆ ಬೆಳಕು ಅದನ್ನು ಹಾಯ್ದು ಮೆದುಳಿನ ಆಳದ ಹೈಪೊಥಲಮಸ್ ಭಾಗವನ್ನು ಮುಟ್ಟುತ್ತದೆ. ಬೆಳಕನ್ನು ಗುರುತಿಸುವ ಜೀವಕೋಶಗಳು ಅಲ್ಲೇ ಇವೆ. ಫ್ರಾನ್ಸಿನ ವಿಜ್ಞಾನಿ ಜಾಕ್ ಬೆನ್ವಾ 1930ರ ದಶಕದಲ್ಲಿ ಬಾತುಕೋಳಿಗಳ ಮೇಲೆ ಪ್ರಯೋಗ ಮಾಡಿ, ಕಣ್ಣು ಇಲ್ಲದಿದ್ದರೂ ಹಕ್ಕಿಯ ಸಂತಾನಾಂಗಗಳು ಬೆಳಕಿಗೆ ಸ್ಪಂದಿಸುತ್ತವೆ ಎಂದು ತೋರಿಸಿದರು. ಬೆಳಗಾಗಿ ಹನ್ನೊಂದು ಹನ್ನೆರಡು ತಾಸು ಕಳೆದ ಮೇಲೂ ಬೆಳಕು ಬೀಳುತ್ತಿದ್ದರೆ ಮೆದುಳು ಅದನ್ನು ಮರಿ ಮಾಡುವ ಕಾಲವೆಂದು ತಿಳಿಯುತ್ತದೆ. ಅಲ್ಲಿಂದ ಹೊರಡುವ ಹಾರ್ಮೋನುಗಳು ಅಂಡಾಶಯವನ್ನು ಎಬ್ಬಿಸುತ್ತವೆ. ಅಷ್ಟರೊಳಗೆ ಕತ್ತಲಾದರೆ ಆ ಸಂದೇಶ ಕ್ಷೀಣಿಸುತ್ತದೆ. ದೊಡ್ಡ ಕೋಳಿಫಾರಂಗಳಲ್ಲಿ ದಿನಕ್ಕೆ 14ರಿಂದ 16 ತಾಸು ಬೆಳಕು ಕೊಡುವುದು ಇದೇ ಕಾರಣಕ್ಕೆ.

ಈಗ ಸುರಪುರದ ಲೆಕ್ಕ. ಊರು ಇರುವುದು ಸುಮಾರು 16.5 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಜೂನ್ ಕೊನೆಯ ಹಗಲು ಇಲ್ಲಿ ಸುಮಾರು 13 ತಾಸು, ಡಿಸೆಂಬರ್ 21ರ ಹಗಲು 11 ತಾಸಿಗೆ ತುಸು ಹೆಚ್ಚು. ಎರಡೇ ತಾಸಿನ ವ್ಯತ್ಯಾಸ, ಇಷ್ಟಕ್ಕೆಲ್ಲ ತತ್ತಿ ನಿಲ್ಲುತ್ತದೆಯೇ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಚಳಿಗಾಲದ ಹಗಲು 8 ತಾಸಿಗೂ ಕಮ್ಮಿಯಾಗುವ ಲಂಡನ್ನಿನ ಕೋಳಿಗೆ ಹೋಲಿಸಿದರೆ ನಮ್ಮ ಕೋಳಿ ಪುಣ್ಯವಂತೆ. ಮೇಲಾಗಿ ಊರ ಕೋಳಿ ತನ್ನ ಮೂಲವಾದ ಕೆಂಪು ಕಾಡುಕೋಳಿಯಷ್ಟು ಋತುವಿಗೆ ಕಟ್ಟುಬಿದ್ದಿಲ್ಲ. ಹಗಲಿನ ಅಳತೆಗೆ ಸಂಬಂಧಿಸಿದ ಟಿಎಸ್‌ಎಚ್‌ಆರ್ ಎಂಬ ಜೀನ್‌ನಲ್ಲಿ ಪಳಗಿದ ಕೋಳಿಗಳೆಲ್ಲವೂ ಒಂದೇ ಮಾರ್ಪಾಡು ಹೊತ್ತಿರುವುದನ್ನು ಸ್ವೀಡನ್ನಿನ ಉಪ್ಸಾಲಾದ ಸಂಶೋಧಕರು 2010ರಲ್ಲಿ ಪ್ರಕಟಿಸಿದರು. ಆದರೂ ನಮ್ಮ ಡಿಸೆಂಬರ್ ಹಗಲು ನಿಂತಿರುವುದು ಸರಿಯಾಗಿ ಹೊಸ್ತಿಲ ಮೇಲೆ. ಆಗ ಸೂರ್ಯ ಹುಟ್ಟುವುದು 6.45ರ ನಂತರ, ಮುಳುಗುವುದು 6ಕ್ಕೆ ಮುಂಚೆ. ಹಿಂದುಮುಂದಿನ ನಸುಬೆಳಕು ಸೇರಿದರೆ ಹನ್ನೊಂದೂವರೆ ತಾಸು ದಾಟುತ್ತದೆ. 5.30ಕ್ಕೆ ಬುಟ್ಟಿ ಮುಚ್ಚಿ ಮರುದಿನ 8ಕ್ಕೆ ತೆಗೆದರೆ ಉಳಿಯುವುದು ಒಂಬತ್ತೂವರೆ ತಾಸು ಮಾತ್ರ. ಬಿದಿರ ಬುಟ್ಟಿಯ ಸಂದಿಯಿಂದ ಒಂದಿಷ್ಟು ಬೆಳಕು ನುಸುಳುತ್ತದೆ. ಗೋಣಿ ಹೊದಿಸಿದ ಮೇಲೆ ಅದೂ ಇಲ್ಲ. ಸೂರ್ಯ ಕೊಟ್ಟ ಎರಡು ತಾಸನ್ನು ನಾವೇ ಅಡಗಿಸಿಟ್ಟಂತಾಯಿತು.

ಬೆಕ್ಕು, ಮುಂಗುಸಿ, ಬೀದಿನಾಯಿ ಇರುವ ಊರಲ್ಲಿ ಕತ್ತಲಾಗುವವರೆಗೆ ಕೋಳಿ ಬಿಡುವುದು ಹೇಗೆ ಎಂಬ ಆಕ್ಷೇಪಕ್ಕೆ ತೂಕವಿದೆ. ಇದಕ್ಕೆ ಗೂಡಿನ ಒಂದು ಪಕ್ಕಕ್ಕೆ ತಂತಿ ಜಾಲರಿ ಬಡಿದರೆ ಸಾಕು. ಕೋಳಿ ಒಳಗೇ ಇರುತ್ತದೆ, ಬೆಳಕೂ ಬೀಳುತ್ತದೆ. ನಮ್ಮಲ್ಲಿ ಚಳಿಗಾಲದ ಒಣಗಾಳಿ ಬೀಸುವುದು ಹೆಚ್ಚಾಗಿ ಈಶಾನ್ಯದಿಂದ. ಆದ್ದರಿಂದ ಉತ್ತರ, ಪೂರ್ವದ ಪಕ್ಕ ಮುಚ್ಚಿ ದಕ್ಷಿಣಕ್ಕೆ ಜಾಲರಿ ಇಡಬಹುದು. ತಗ್ಗಿನಲ್ಲಿ ಚಲಿಸುವ ದಕ್ಷಿಣಾಯನದ ಸೂರ್ಯನ ಬಿಸಿಲೂ ಆಗ ನೇರ ಒಳಬರುತ್ತದೆ. ಜಾಲರಿಯಿಂದ ಇನ್ನೊಂದು ಲಾಭವಿದೆ, ಅದು ನನಗೆ ಬೆಳಕಿನಷ್ಟೇ ಮುಖ್ಯವೆನಿಸುತ್ತದೆ. ಕೋಳಿಯ ಹಿಕ್ಕೆಯಲ್ಲಿ ಯೂರಿಕ್ ಆಮ್ಲವಿದೆ. ಉಸಿರಿನ ಪಸೆ ಹೊರಹೋಗದ ಬಿಗಿ ಗೂಡಿನಲ್ಲಿ ಬ್ಯಾಕ್ಟೀರಿಯಾಗಳು ಅದನ್ನು ಅಮೋನಿಯ ಮಾಡುತ್ತವೆ. ಬೆಳಗ್ಗೆ ಗೂಡಿನ ಬಾಗಿಲಿಗೆ ಮುಖ ಒಡ್ಡಿದಾಗ ಕಣ್ಣು ಚುರ್ರೆಂದರೆ ಆ ಗಾಳಿಯನ್ನೇ ಕೋಳಿ ರಾತ್ರಿಯಿಡೀ ಉಸಿರಾಡಿದೆ ಎಂದರ್ಥ. ಅದರ ಶ್ವಾಸನಾಳದ ಒಳಪದರ ಕೆಡುತ್ತದೆ, ರೋಗಾಣುಗಳಿಗೆ ದಾರಿಯಾಗುತ್ತದೆ. ಚಳಿಗೆ ನೆಗಡಿಯಾಯಿತು ಎಂದು ನಾವು ಅಂದುಕೊಳ್ಳುವುದರ ಹಿಂದೆ ಹಲವು ಸಲ ಇರುವುದು ಈ ಹಸಿ ಗಾಳಿ. ನೆಲಕ್ಕೆ ಎರಡು ಮೂರು ಅಂಗುಲ ಒಣ ಭತ್ತದ ಹೊಟ್ಟು ಹಾಸಿ ಆಗಾಗ ಕೆದಕುತ್ತಿರಬೇಕು. ನಾರಾಯಣಪುರ ಎಡದಂಡೆ ಕಾಲುವೆ ಬಂದ ಮೇಲೆ ಈ ಭಾಗದಲ್ಲಿ ಹೊಟ್ಟಿಗೇನೂ ಬರವಿಲ್ಲ.

ಬಲ್ಬು ಹಾಕಬೇಕೇ ಎಂಬುದು ಮುಂದಿನ ಪ್ರಶ್ನೆ. ಖರ್ಚಿನ ಮಾತಾದರೆ, 9 ವ್ಯಾಟ್‌ನ ಎಲ್‌ಇಡಿ ದಿನಕ್ಕೆ ಮೂರು ತಾಸು ಉರಿದರೆ ಒಂದು ಯುನಿಟ್ ವಿದ್ಯುತ್ತಿಗೆ 37 ದಿನ ಬೇಕು. ಕೃತಕ ಬೆಳಕು ಕೋಳಿಯ ತತ್ತಿಯ ಗಂಟನ್ನೇ ಬೇಗ ಖಾಲಿ ಮಾಡುತ್ತದೆ ಎಂಬ ಭಯಕ್ಕೆ ಆಧಾರವಿಲ್ಲ. ಯಾವ ಕೋಳಿಯೂ ಆಯುಷ್ಯದಲ್ಲಿ ಇಡಲಾರದಷ್ಟು ಅಂಡಗಳು ಅದರ ಒಡಲಲ್ಲಿರುತ್ತವೆ. ಆದರೆ ವಿಶ್ರಾಂತಿಯ ವಾದ ಗಟ್ಟಿಯಾದದ್ದು. ಹಗಲು ಕುಗ್ಗುವ ಈ ತಿಂಗಳುಗಳಲ್ಲೇ ಕೋಳಿ ಹಳೆ ಗರಿ ಉದುರಿಸಿ ಹೊಸದು ಬೆಳೆಸುತ್ತದೆ. ಗರಿಯ ಬಹುಪಾಲು ಪ್ರೋಟೀನು. ಅದೇ ಪ್ರೋಟೀನಿನಲ್ಲಿ ತತ್ತಿಯನ್ನೂ ಮಾಡು ಎಂದು ಒತ್ತಾಯಿಸುವುದು ಸರಿಯಲ್ಲ. ನನ್ನ ತೀರ್ಮಾನವಿಷ್ಟು: ತತ್ತಿ ಮಾರಿ ಬದುಕುವವರು ಗರಿ ಬಂದ ಮೇಲೆ ಬಲ್ಬು ಹಾಕಲಿ, ವಾರಕ್ಕೆ ಅರ್ಧ ತಾಸಿನಂತೆ ಏರಿಸಲಿ. ಅದೂ ಸೂರ್ಯೋದಯಕ್ಕೆ ಮುಂಚೆ, ಏಕೆಂದರೆ ಸಂಜೆ ಬಲ್ಬು ಥಟ್ಟನೆ ಆರಿದರೆ ಕೋಳಿಗೆ ಕೂರುವ ಜಾಗ ಕಾಣದು. ಹಿತ್ತಲಲ್ಲಿ ನಾಲ್ಕು ಜವಾರಿ ಕೋಳಿ ಸಾಕಿದವರಿಗೆ ಬಲ್ಬು ಬೇಡ, ಸೂರ್ಯ ಕೊಡುವಷ್ಟನ್ನು ಪೂರ್ತಿ ಕೊಟ್ಟರೆ ಸಾಕು.

ಮೇವಿನ ಮಾತು ಚಿಕ್ಕದು. ಬರೀ ಜೋಳದಲ್ಲಿ ಪ್ರೋಟೀನು ಶೇಕಡ 10ರ ಆಸುಪಾಸು. ತತ್ತಿ ಇಡುವ ಕೋಳಿಗೆ 16-17 ಬೇಕು. ತೊಗರಿ ಚುನ್ನಿ, ಗಾಣದ ಶೇಂಗಾ ಹಿಂಡಿ ಬೆರೆಸಬೇಕು. ಹಿಂಡಿಗೆ ಬೂಷ್ಟು ಹಿಡಿದಿದ್ದರೆ ಮಾತ್ರ ಮುಟ್ಟಬಾರದು. 1960ರಲ್ಲಿ ಇಂಗ್ಲೆಂಡಿನಲ್ಲಿ ಲಕ್ಷಕ್ಕೂ ಹೆಚ್ಚು ಟರ್ಕಿ ಕೋಳಿಗಳನ್ನು ಕೊಂದ ಅಫ್ಲಾಟಾಕ್ಸಿನ್ ವಿಷ ಬಂದದ್ದು ಬೂಷ್ಟು ಹಿಡಿದ ಶೇಂಗಾ ಹಿಂಡಿಯಿಂದಲೇ. ತತ್ತಿಯ ಚಿಪ್ಪು ಕಟ್ಟಲು ಸುಮಾರು 20 ತಾಸು ಬೇಕು, ಅದರ ಬಹುಪಾಲು ರಾತ್ರಿ ನಡೆಯುತ್ತದೆ. ಆದ್ದರಿಂದ ಜೋಳದ ಕಾಳಿನ ಗಾತ್ರದ ಸುಣ್ಣಕಲ್ಲಿನ ಚೂರನ್ನು ಸಂಜೆ ಇಡುವುದು ಮೇಲು.

ಚಳಿಯ ಬಗೆಗಿನ ಹಳೆಯ ಎಚ್ಚರಿಕೆ ಪೂರ್ತಿ ಸಲ್ಲುವುದು ಮರಿಗಳಿಗೆ. ನವಿರು ತುಪ್ಪಳದ ಮರಿಗೆ ಮೊದಲ ಮೂರು ನಾಲ್ಕು ವಾರ ಮೈಬಿಸಿ ಕಾಯ್ದುಕೊಳ್ಳಲು ಬಾರದು. ಮೊದಲ ವಾರ ಸುಮಾರು 35 ಡಿಗ್ರಿಯ ಬೆಚ್ಚಗೆ ಬೇಕು, ತಾಯ ರೆಕ್ಕೆಯಡಿಯಲ್ಲೋ ಬಲ್ಬಿನಡಿಯಲ್ಲೋ. ದೊಡ್ಡ ಕೋಳಿಗೆ ಆ ನಿಯಮ ಹಚ್ಚಬೇಡಿ. ಬರುವ ಡಿಸೆಂಬರಿನಲ್ಲಿ ಒಂದು ತಿಂಗಳು ಗೋಣಿಚೀಲ ಬದಿಗಿಟ್ಟು, ನಸುಕಿನಲ್ಲೇ ಬುಟ್ಟಿ ಎತ್ತಿ ನೋಡಿ. ಎತ್ತಿದ ಹೊತ್ತನ್ನೂ ಸಿಕ್ಕ ತತ್ತಿಯನ್ನೂ ಗೋಡೆಯ ಕ್ಯಾಲೆಂಡರಿನ ಅದೇ ಚೌಕದಲ್ಲಿ ಬರೆಯುತ್ತ ಹೋಗಿ. ಹಳದಿ ಲೋಳೆ ತುಂಬಿಕೊಳ್ಳಲು ಹತ್ತು ದಿನ ಬೇಕಾಗುವುದರಿಂದ, ಮೊದಲ ಎರಡು ವಾರ ಬದಲಾವಣೆ ಕಾಣದಿದ್ದರೆ ಕೈಬಿಡಬೇಡಿ.