ಪಾಶ್ಚಾತ್ಯ ಸಂಗೀತದಲ್ಲಿ ಹೊಸ ಅಲೆ

ಮನೆಯಲ್ಲಿ ಮಕ್ಕಳು ಇಂಗ್ಲಿಷ್ ಹಾಡು ಹಾಕಿದೊಡನೆ ‘ಅದೇನು ಗದ್ದಲ, ತಗ್ಗಿಸಿರಿ’ ಎನ್ನುವುದು ನಮ್ಮಲ್ಲಿ ಬಹುಮಂದಿ ಹಿರಿಯರ ವಾಡಿಕೆ. ಈ ಲೇಖಕನೂ ಅದಕ್ಕೆ ಹೊರತಲ್ಲ. ಆದರೆ ಗದ್ದಲವೆಂದು ನಾವು ತಳ್ಳಿಬಿಟ್ಟದ್ದರಲ್ಲಿ ಕೆಲವು ನಲವತ್ತು ವರ್ಷಗಳ ಮೇಲೂ ಬಾಳಿವೆ. ಅವು ಬಾಳಿದ ಬಗೆ ಹೇಗೆಂದು ವಿಚಾರಿಸಿದರೆ ನಷ್ಟವೇನೂ ಇಲ್ಲ.

ಮುಂಬಯಿಯ ವಾಚಕರಿಗೆ ಇದು ತೀರ ದೂರದ ಮಾತೂ ಅಲ್ಲ. 1980ರ ಮಾರ್ಚಿನಲ್ಲಿ ಇದೇ ನಗರದಲ್ಲಿ ‘ದಿ ಪೊಲೀಸ್’ ಎಂಬ ಲಂಡನ್ನಿನ ಮೂವರ ತಂಡ ಹಾಡಿತು. ಆ ತಂಡದ ಪಂಥಕ್ಕೆ ‘ನ್ಯೂ ವೇವ್’, ಎಂದರೆ ಹೊಸ ಅಲೆ, ಎಂದು ಹೆಸರು. 1970ರ ‘ಸಂಸ್ಕಾರ’ದ ತರುವಾಯ ಬಂದ ಕನ್ನಡ ಚಿತ್ರಗಳನ್ನೂ ನಾವು ಹಾಗೆಯೇ ಕರೆದೆವು. ಎರಡಕ್ಕೂ ಈ ಹೆಸರು ಬಂದುದು ಫ್ರಾನ್ಸಿನ ಚಲನಚಿತ್ರಗಳಿಂದ.

1976-77ರ ಸುಮಾರಿಗೆ ನ್ಯೂಯಾರ್ಕ್ ಮತ್ತು ಲಂಡನ್ ನಗರಗಳ ಸಣ್ಣ ಕ್ಲಬ್ಬುಗಳಲ್ಲಿ ‘ಪಂಕ್’ ಎಂಬ ಒರಟು ಸಂಗೀತ ಬೆಳೆಯಿತು. ಅಲ್ಪಸ್ವಲ್ಪ ಬಲ್ಲವನೂ ವೇದಿಕೆ ಏರಬಹುದೆಂಬುದೇ ಅದರ ಧೈರ್ಯ. ಆ ಧೈರ್ಯವನ್ನು ಉಳಿಸಿಕೊಂಡು, ಕೋಪವನ್ನು ತಗ್ಗಿಸಿ, ಪರರ ಸಂಗೀತಕ್ಕೂ ಕಿವಿಗೊಟ್ಟವರು ಹೊಸ ಅಲೆಯವರು. ಅವರ ನಾಲ್ಕು ಧ್ವನಿಮುದ್ರಿಕೆಗಳನ್ನು ಇಲ್ಲಿ ನೋಡೋಣ.

ಮೊದಲನೆಯದು ನ್ಯೂಯಾರ್ಕಿನ ಬ್ಲಾಂಡಿ ತಂಡದ ‘ಪ್ಯಾರಲಲ್ ಲೈನ್ಸ್’ (1978). ರಾಕ್ ಸಂಗೀತದವರು ಡಿಸ್ಕೋ ಕುಣಿತದ ತಾಳವನ್ನು ಹೀಗಳೆಯುತ್ತಿದ್ದ ಕಾಲ ಅದು. ಡೆಬ್ಬಿ ಹ್ಯಾರಿ ಮತ್ತು ಸಂಗಡಿಗರು ಅದೇ ತಾಳವನ್ನು ‘ಹಾರ್ಟ್ ಆಫ್ ಗ್ಲಾಸ್’ ಹಾಡಿಗೆ ಜೋಡಿಸಿದರು. 1979ರಲ್ಲಿ ಅದು ಅಮೆರಿಕ, ಬ್ರಿಟನ್ ಎರಡೂ ಕಡೆ ಮೊದಲ ಸ್ಥಾನಕ್ಕೇರಿತು. ಮಡಿವಂತಿಕೆಯ ಗೋಡೆಯೊಂದು ಬಿರುಕುಬಿಟ್ಟಿತು.

ಎರಡನೆಯದು ದಿ ಪೊಲೀಸ್ ತಂಡದ ‘ರೆಗಟ್ಟಾ ದ ಬ್ಲಾಂಕ್’ (1979). ಜಮೈಕಾ ದ್ವೀಪದ ರೆಗೆ ಲಯವನ್ನು ಈ ಮೂವರು ರಾಕ್‌ಗೆ ಬೆರೆಸಿದರು. ಎಲ್ಲೆಲ್ಲೂ ತುಂಬಿ ಬಾರಿಸದೆ ನಡುನಡುವೆ ಬಿಡುವು ಕೊಡುವುದೇ ಅದರ ಸೊಗಸು.

ಮೂರನೆಯದು ಗ್ಯಾರಿ ನ್ಯೂಮನ್‌ರ ‘ದಿ ಪ್ಲೆಷರ್ ಪ್ರಿನ್ಸಿಪಲ್’ (1979). ಹಿಂದಿನ ವರ್ಷ ಪಂಕ್ ಹಾಡು ಮುದ್ರಿಸಲು ಹೋದ ಈ ತರುಣನಿಗೆ, ಬೇರಾರೋ ಬಿಟ್ಟುಹೋಗಿದ್ದ ಸಿಂಥಸೈಜರ್ ಒಂದು ಸ್ಟುಡಿಯೋದಲ್ಲಿ ಕಣ್ಣಿಗೆ ಬಿತ್ತು. ಕೀಲಿ ಒತ್ತಿದ ಕ್ಷಣವೇ ಮನಸ್ಸು ಸೋತರು. ಈ ಧ್ವನಿಮುದ್ರಿಕೆಯಲ್ಲಿ ಬಾಸ್ ಒಂದನ್ನು ಬಿಟ್ಟರೆ ಗಿಟಾರೇ ಇಲ್ಲ. ಇದರ ಒಂದು ತುಣುಕನ್ನು ಬೇಸ್ಮೆಂಟ್ ಜ್ಯಾಕ್ಸ್ ಎಂಬವರು 2001ರ ತಮ್ಮ ಹಾಡಿಗೆ ಆಧಾರ ಮಾಡಿಕೊಂಡರು.

ನಾಲ್ಕನೆಯದು ಟಾಕಿಂಗ್ ಹೆಡ್ಸ್ ತಂಡದ ‘ರಿಮೇನ್ ಇನ್ ಲೈಟ್’ (1980). ನೈಜೀರಿಯದ ಫೇಲಾ ಕುಟಿಯವರ ಲಯಗಳಿಂದ ಪ್ರೇರಿತರಾಗಿ, ಬ್ರಯನ್ ಈನೋ ಅವರ ನೆರವಿನೊಡನೆ ರಚಿಸಿದ ಕೃತಿ ಇದು. ಆಫ್ರಿಕದ ಋಣವನ್ನು ಅವರು ಬಚ್ಚಿಡಲಿಲ್ಲ. ತಾವು ಓದಿದ ಗ್ರಂಥಗಳ ಪಟ್ಟಿಯನ್ನೇ ಪತ್ರಕರ್ತರಿಗೆ ಕೊಟ್ಟರು. ಆದರೆ ಹಾಡುಗಳ ಕರ್ತೃತ್ವವನ್ನು ಮುದ್ರಿಸಿದ ರೀತಿಗೆ ತಂಡದೊಳಗೇ ಅಸಮಾಧಾನ ಎದ್ದಿತು! ಹೊರಗಿನವರ ಋಣ ಒಪ್ಪುವುದಕ್ಕಿಂತ ಮನೆಯವರ ಪಾಲು ಒಪ್ಪುವುದು ಕಷ್ಟವೇನೋ. 2018ರಲ್ಲಿ ಆಫ್ರಿಕದ ಬೆನಿನ್ ದೇಶದವರಾದ ಗಾಯಕಿ ಆಂಜೆಲಿಕ್ ಕಿಜೋ ಈ ಇಡೀ ಕೃತಿಯನ್ನು ತಮ್ಮ ರೀತಿಯಲ್ಲಿ ಹಾಡಿದರು. ಫೇಲಾರ ಜೊತೆಗಾರ ಟೋನಿ ಅಲೆನ್ ಡ್ರಮ್ ನುಡಿಸಿದರು. ಸಾಲ ಬಡ್ಡಿಸಹಿತ ತವರಿಗೆ ಮರಳಿದಂತಾಯಿತು.

ಇವು ಬಾಳಿದ ಗುಟ್ಟು ಇಲ್ಲಿದೆ: ಪರರಿಂದ ಪಡೆದರು, ಪಡೆದುದನ್ನು ತಮ್ಮ ಬಾಳಿನ ಮಾತಿಗೆ ಒಗ್ಗಿಸಿದರು. ನಮಗೂ ಇದು ಹೊಸದಲ್ಲ. ಪಿಟೀಲು ಯುರೋಪಿನಿಂದ ಬಂದ ವಾದ್ಯ. ಮೈಸೂರಿನ ಟಿ. ಚೌಡಯ್ಯನವರು ಅದಕ್ಕೆ ಏಳು ತಂತಿ ಬಿಗಿದು ನುಡಿಸಿದಾಗ ಅದನ್ನು ಪರದೇಶಿಯೆಂದವರು ಯಾರು?

ಹೊರನಾಡಿನ ನಮ್ಮ ಮಕ್ಕಳು ನಾಲ್ಕಾರು ಭಾಷೆಗಳ, ಹತ್ತಾರು ಸಂಗೀತಗಳ ನಡುವೆ ಬೆಳೆಯುತ್ತಾರೆ. ‘ತಗ್ಗಿಸಿರಿ’ ಎನ್ನುವ ಮೊದಲು, ‘ಇವರು ಇದನ್ನು ಯಾರಿಂದ ಕಲಿತರಪ್ಪಾ?’ ಎಂದೊಮ್ಮೆ ಕೇಳೋಣ. ಉತ್ತರ ಕೇಳಿಸಿಕೊಂಡ ಬಳಿಕ ಚೌಡಯ್ಯನವರ ತೋಡಿಯನ್ನೊಮ್ಮೆ ಹಾಕಿದರೆ, ಅವರೂ ಕಿವಿಗೊಟ್ಟಾರು.