ಬಿಗಿಯುವ ಮುನ್ನ

ತಂದೆಯವರು ತೀರಿಕೊಂಡ ಮೇಲೆ ಅವರ ರಾಯಲ್ ಎನ್‌ಫೀಲ್ಡ್ ಬುಲೆಟ್ ಬಹುಕಾಲ ಹಿತ್ತಿಲಿನಲ್ಲಿ ಮೂಕವಾಗಿ ನಿಂತಿತ್ತು. ಮದರಾಸಿನಲ್ಲಿ ಬುಲೆಟ್ಟಿನ ಜೋಡಣೆ ಮೊದಲಾದದ್ದು 1950ರ ದಶಕದ ನಡುವಿನಲ್ಲಿ. ನಮ್ಮದು ಅದಕ್ಕೂ ಹಿಂದಿನದು, ಸೂಜಿಗಳಿಗೆ ಹೆಸರಾದ ಇಂಗ್ಲೆಂಡಿನ ರೆಡಿಚ್ ಊರಿನಲ್ಲಿಯೇ ಹುಟ್ಟಿದ್ದು.

ಬೇಸಗೆಯ ರಜೆಯಲ್ಲಿ ಅದಕ್ಕೆ ಹೊಸ ಹೊಗೆಕೊಳವೆಯನ್ನೂ ಫುಟ್‌ರೆಸ್ಟುಗಳನ್ನೂ ತೊಡಿಸಲು ನಾನೇ ಕುಳಿತೆ. ಮೊದಲು ಮುನಿದದ್ದು ನಟ್ಟು. ನನ್ನ ಮಿಲಿಮೀಟರ್ ಸ್ಪ್ಯಾನರುಗಳಲ್ಲಿ ಒಂದು ಸಡಿಲ, ಇನ್ನೊಂದು ಬಿಗಿ. 1841ರಲ್ಲಿ ಜೋಸೆಫ್ ವಿಟ್‌ವರ್ತ್ ಹಾಕಿಕೊಟ್ಟ ಅಂಗುಲದ ಸಂಪ್ರದಾಯಕ್ಕೆ ಸೇರಿದ ನಟ್ಟು ಅದು! ಕಡೆಗೆ ತಂದೆಯವರ ತಗಡಿನ ಪೆಟ್ಟಿಗೆಯಲ್ಲಿದ್ದ ಸ್ಪ್ಯಾನರೇ ಒದಗಿತು.

ಮುಂದಿನ ತಪ್ಪು ನನ್ನದು. ಫುಟ್‌ರೆಸ್ಟನ್ನೂ ಕೊಳವೆಯ ಪಟ್ಟಿಯನ್ನೂ ಮೊದಲೇ ಬಿಗಿದುಬಿಟ್ಟೆ. ಕೊಳವೆಯ ತುದಿ ಎಂಜಿನ್ನಿನ ಬಾಯಿಗೆ ಬೆರಳಗಲ ಓರೆಯಾಗಿ ನಿಂತಿತು. ನಾನು ಸುತ್ತಿಗೆ ಎತ್ತಿದೆ.

“ಹೊಡೀಬೇಡಿ ಸ್ವಾಮಿ,” ಎಂದರು ಬೇಲಿಯಾಚೆಯ ಮುದುಕ ಮೇಸ್ತ್ರಿ. “ಎಲ್ಲಾ ಸಡಿಲ ಬಿಡಿ. ನಿಮ್ಮ ತಂದೆಯೋರು ಬಾಯಿಂದ ಶುರುಮಾಡಿ ಹಿಂದಕ್ಕೆ ಬಿಗೀತಾ ಬರ್ತಿದ್ರು.”

ಅವರ ಮಾತು ದಿಟ. ಬಲಾತ್ಕಾರದಿಂದ ಕೂಡಿಸಿದ ಕೊಳವೆ ಎಂಜಿನ್ನಿನ ನಡುಕಕ್ಕೆ ಎಲ್ಲಾದರೂ ಬಿರಿಯುತ್ತದೆ. ಬಾಯಿಯಲ್ಲಿ ಸಂದು ಉಳಿದರೆ ಗಾಳಿ ನುಗ್ಗಿ, ಉಳಿದ ಪೆಟ್ರೋಲ್ ಆವಿ ಕೊಳವೆಯೊಳಗೇ ಪಟಪಟನೆ ಸಿಡಿಯುತ್ತದೆ. ಎಲ್ಲವನ್ನೂ ಸಡಿಲಿಸಿದೆ. ಕೊಳವೆ ತಾನಾಗಿ ಕುಳಿತಿತು. ಬ್ರೇಕಿನ ಪೆಡಲಿಗೆ ಕಾಲು ಎಟಕುವುದನ್ನು ನೋಡಿಕೊಂಡು ಕಡೆಯಲ್ಲಿ ಫುಟ್‌ರೆಸ್ಟುಗಳನ್ನು ಬಿಗಿದೆ.

ಸಂಜೆ ನಾಲ್ಕನೆಯ ಒದೆತಕ್ಕೆ ಎಂಜಿನ್ನು ಮಾತನಾಡಿತು. ಆ ಸದ್ದಿಗೆ ತಾಯಿ ಹಿಂದಿನಂತೆಯೇ ಬಾಗಿಲವರೆಗೆ ಬಂದರು. ನನ್ನನ್ನು ಕಂಡು ಒಂದು ಗಳಿಗೆ ನಿಂತರು. ಏನೂ ಹೇಳದೆ ಒಳಗೆ ಹೋಗಿ ಕಾಫಿಗೆ ನೀರಿಟ್ಟರು.